ಗುಜರಿಗೆ ಹಾಕುವ ಮುನ್ನ: ಮನೆಯ ಹಳೆಯ ಲೋಹವನ್ನು ಮರುಬಳಕೆಗೆ ಸರಿಯಾಗಿ ಕಳುಹಿಸುವ ಬಗೆ

ಮನೆಯ ಅಟ್ಟ, ಅಪಾರ್ಟ್‌ಮೆಂಟಿನ ಬಾಲ್ಕನಿ, ತೋಟದ ಪಂಪ್‌ಹೌಸ್, ಎಲ್ಲಿ ಹುಡುಕಿದರೂ ಒಂದಷ್ಟು ಹಳೆಯ ಲೋಹ ಸಿಗುತ್ತದೆ. ತೂತಾದ ಅಲ್ಯೂಮಿನಿಯಂ ಬೋಗುಣಿ, ಸುಟ್ಟುಹೋದ ಮೋಟಾರು, ಮುರಿದ ನಲ್ಲಿ, ಕಟ್ಟಡ ಮುಗಿದ ಮೇಲೆ ಉಳಿದ ಕಬ್ಬಿಣದ ಸರಳಿನ ತುಂಡುಗಳು, ಕೆಟ್ಟ ಮಿಕ್ಸಿ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿಟ್ಟು, ಗುಜರಿಯವರು ಬೀದಿಯಲ್ಲಿ ಕೂಗಿದ ದಿನ ಬಂದಷ್ಟಕ್ಕೆ ಕೊಟ್ಟುಬಿಡುವುದು ನಮ್ಮಲ್ಲಿ ರೂಢಿ. ಕೊಡುವುದು ಒಳ್ಳೆಯದೇ, ಕಸದ ಗಾಡಿಗೆ ಎಸೆಯುವುದಕ್ಕಿಂತ ಸಾವಿರ ಪಾಲು ಮೇಲು. ಆದರೆ ಒಂದೇ ಚೀಲಕ್ಕೆ ತುಂಬಿದ ಕ್ಷಣದಲ್ಲೇ ಮರುಬಳಕೆಯ ಲಾಭ ಸೋರಲು ತೊಡಗುತ್ತದೆ.

ಕಾಗದವನ್ನು ಪ್ರತಿ ಸಲ ಮರುಬಳಸಿದಾಗಲೂ ಅದರ ನಾರು ಗಿಡ್ಡವಾಗುತ್ತದೆ, ಪ್ಲಾಸ್ಟಿಕ್ ಸತ್ವ ಕಳೆದುಕೊಳ್ಳುತ್ತದೆ. ತಾಮ್ರ, ಅಲ್ಯೂಮಿನಿಯಂ, ಕಬ್ಬಿಣಗಳಿಗೆ ಆ ಕಾಟವಿಲ್ಲ. ಎಷ್ಟು ಸಲ ಕರಗಿಸಿದರೂ ತಾಮ್ರ ತಾಮ್ರವೇ. ಲೋಹವನ್ನು ಕೆಡಿಸುವುದು ಬೆಂಕಿಯಲ್ಲ, ಬೆರಕೆ. ಆ ಬೆರಕೆಯನ್ನು ಅತ್ಯಂತ ಸುಲಭವಾಗಿ ತಪ್ಪಿಸಬಹುದಾದ ಜಾಗ ಕಾರ್ಖಾನೆಯಲ್ಲ, ನಿಮ್ಮ ಮನೆ. ಕೆಳಗಿನ ಹೆಜ್ಜೆಗಳೆಲ್ಲ ಇದೊಂದೇ ಮಾತಿನ ವಿಸ್ತರಣೆ.

ಉಳಿತಾಯ ಎಷ್ಟು, ಎಲ್ಲಿಂದ?

ಅಲ್ಯೂಮಿನಿಯಂನಿಂದ ಆರಂಭಿಸೋಣ. ಒಂದು ಟನ್ ಅಲ್ಯೂಮಿನಿಯಂ ಬೇಕೆಂದರೆ ನಾಲ್ಕೈದು ಟನ್ ಬಾಕ್ಸೈಟ್ ಅದಿರನ್ನು ಅಗೆಯಬೇಕು. ಅದರಿಂದ ಸುಮಾರು ಎರಡು ಟನ್ ಅಲ್ಯೂಮಿನಾ ಎಂಬ ಬಿಳಿ ಪುಡಿ ತೆಗೆಯಬೇಕು. ಬೆಳಗಾವಿಯಲ್ಲಿ ದಶಕಗಳಿಂದ ನಡೆಯುತ್ತಿರುವ ಕಾರ್ಖಾನೆ ತಯಾರಿಸುವುದು ಇದನ್ನೇ. ಈ ಹಂತದಲ್ಲಿ ಕ್ಷಾರ ತುಂಬಿದ ಕೆಂಪು ಕೆಸರು ರಾಶಿರಾಶಿಯಾಗಿ ಉಳಿಯುತ್ತದೆ. ಆಮೇಲೆ ಅಲ್ಯೂಮಿನಾದ ಮೂಲಕ ವಿದ್ಯುತ್ ಹರಿಸಿ ಲೋಹವನ್ನು ಬೇರ್ಪಡಿಸಬೇಕು. ಈ ಕೊನೆಯ ಹಂತಕ್ಕೇ ಪ್ರತಿ ಕಿಲೋಗೆ ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಹಳೆಯ ಅಲ್ಯೂಮಿನಿಯಂ ಕರಗಿಸಿದರೆ ಒಟ್ಟು ಶಕ್ತಿಯಲ್ಲಿ ಶೇಕಡಾ 95ರಷ್ಟು ಉಳಿಯುತ್ತದೆ. ಎರಡು ಕಿಲೋ ತೂಗುವ ಹಳೆಯ ಬೋಗುಣಿಯೊಂದು ಕಸದ ಗುಂಡಿ ಸೇರಿದರೆ, ಅಷ್ಟೇ ಲೋಹವನ್ನು ಹೊಸದಾಗಿ ತೆಗೆಯಲು ಬರೀ ವಿದ್ಯುತ್ತೇ 28 ಯೂನಿಟ್ ಬೇಕು. ನಮ್ಮ ದೇಶದಲ್ಲಿ ಅಲ್ಯೂಮಿನಿಯಂ ಕಾರ್ಖಾನೆಗಳ ವಿದ್ಯುತ್ತು ಬಹುಮಟ್ಟಿಗೆ ಕಲ್ಲಿದ್ದಲಿನಿಂದಲೇ ಬರುವುದು.

ತಾಮ್ರದಲ್ಲಿ ಈ ಉಳಿತಾಯ ಶೇಕಡಾ 85ರವರೆಗೆ ಹೋಗುತ್ತದೆ. ಉಕ್ಕಿನ ಶೇಕಡಾವಾರು ಇದಕ್ಕಿಂತ ಕಡಿಮೆ. ಆದರೆ ಜಗತ್ತು ಬಳಸುವ ಲೋಹಗಳಲ್ಲಿ ಸಿಂಹಪಾಲು ಉಕ್ಕಿನದೇ ಆದ್ದರಿಂದ ಒಟ್ಟು ಪರಿಣಾಮ ಇಲ್ಲಿಯೇ ದೊಡ್ಡದು. ಒಂದು ಟನ್ ಉಕ್ಕಿನ ಗುಜರಿ ಕುಲುಮೆಗೆ ಹೋದರೆ ಸುಮಾರು 1.4 ಟನ್ ಕಬ್ಬಿಣದ ಅದಿರು, 740 ಕಿಲೋ ಕಲ್ಲಿದ್ದಲು, 120 ಕಿಲೋ ಸುಣ್ಣದ ಕಲ್ಲು ಉಳಿಯುತ್ತವೆ, 1.5 ಟನ್ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುವುದು ತಪ್ಪುತ್ತದೆ ಎಂಬುದು ಜಾಗತಿಕ ಉಕ್ಕು ಉದ್ಯಮದ ಲೆಕ್ಕ. ಅದಿರಿನಿಂದ ಕಬ್ಬಿಣ ತೆಗೆಯುವಾಗ ಕಲ್ಲಿದ್ದಲು ಬರೀ ಉರುವಲಾಗಿರುವುದಿಲ್ಲ. ಅದಿರಿನಲ್ಲಿರುವ ಆಮ್ಲಜನಕವನ್ನು ಕಿತ್ತುಕೊಳ್ಳುವುದೂ ಅದರ ಇಂಗಾಲವೇ, ಹಾಗೆ ಕಿತ್ತುಕೊಂಡದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೊಗೆಗೊಳವೆಯಿಂದ ಹೊರಬೀಳುತ್ತದೆ. ಗುಜರಿಯಲ್ಲಿ ಆ ಕೆಲಸ ಹಿಂದೆಯೇ ಆಗಿಹೋಗಿದೆ, ಇನ್ನು ಕರಗಿಸಿದರೆ ಸಾಕು.

ಕನ್ನಡಿಗರಿಗೆ ಈ ಅಂಕಿಗಳ ಹಿಂದಿನ ನೆಲ ಗೊತ್ತು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದಾಗ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಇದ್ದಿಲಿಗೆ ಮಲೆನಾಡಿನ ಕಾಡು ಸೌದೆಯಾಯಿತು. ಕುದುರೆಮುಖದ ಗಣಿ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಬಳ್ಳಾರಿಯಲ್ಲಿ ಗಣಿಗಾರಿಕೆ ಕೈಮೀರಿ ಹೋದದ್ದಕ್ಕೆ 2011ರಲ್ಲಿ ನ್ಯಾಯಾಲಯವೇ ಅದನ್ನು ನಿಲ್ಲಿಸಬೇಕಾಯಿತು. ಗುಜರಿಯಿಂದಲೇ ಎಲ್ಲ ಉಕ್ಕನ್ನೂ ಮಾಡಿಬಿಡಬಹುದು ಎಂದು ನಾನು ಹೇಳುತ್ತಿಲ್ಲ. ಇಂದು ತಾರಸಿಗೆ ಹಾಕಿದ ಸರಳು ಇನ್ನು ಐವತ್ತು ವರ್ಷ ಅಲ್ಲೇ ಇರುತ್ತದೆ, ಬೆಳೆಯುತ್ತಿರುವ ದೇಶಕ್ಕೆ ಅದಿರು ಇನ್ನೂ ಬಹುಕಾಲ ಬೇಕು. ಹಾಗಿರುವಾಗ ಕೈಯಲ್ಲಿರುವ ಗುಜರಿಯನ್ನು ಕೆಡಿಸಿ ಕಳೆಯುವುದು ಮತ್ತಷ್ಟು ಅನ್ಯಾಯ.

ಮೊದಲ ಹೆಜ್ಜೆ: ಅದು ನಿಜವಾಗಿ ಗುಜರಿಯೇ?

ಕರಗಿಸುವುದಕ್ಕೂ ಇಂಧನ ಬೇಕು. ರಿಪೇರಿಗೆ ಬೇಕಾಗುವುದು ಅದರ ಅಲ್ಪ ಪಾಲು. ಒಳಮೈ ಹಸಿರುಗಟ್ಟಿದ ಹಿತ್ತಾಳೆ ಪಾತ್ರೆಯನ್ನು ಕಲಾಯಿ ಮಾಡಿಸಿದರೆ ಮತ್ತೆ ಅಡುಗೆಗೆ ಬರುತ್ತದೆ. ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಹಾಕಿ, ತವರವನ್ನು ಹತ್ತಿಯಿಂದ ತೆಳುವಾಗಿ ಸವರುವ ಕೆಲಸವದು. ಕಲಾಯಿಯವರು ಊರೂರು ಸುತ್ತುವುದು ಕಡಿಮೆಯಾಗಿದ್ದರೂ ಹಳೆಯ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿದರೆ ಅವರ ಸುಳಿವು ಸಿಗುತ್ತದೆ. ಕುಕ್ಕರಿಗೆ ಹೊಸ ಗ್ಯಾಸ್ಕೆಟ್, ಬಾಣಲೆಗೆ ಹೊಸ ಹಿಡಿ, ನಲ್ಲಿಗೆ ಹೊಸ ವಾಷರ್ ಹಾಕಿಸುವುದು ಪರಿಸರಕ್ಕೆ ಯಾವ ಕುಲುಮೆಗಿಂತಲೂ ಹಿತ. ಕೊಳವೆಬಾವಿಯ ಮೋಟಾರು ಸುಟ್ಟರೆ ಮೊದಲು ವೈಂಡಿಂಗ್ ಅಂಗಡಿಗೆ ಒಯ್ಯಿರಿ. ಹಳೆಯ ತಂತಿ ತೆಗೆದು ಹೊಸದು ಸುತ್ತಿಸಿದರೆ ಮೋಟಾರಿನ ಮೈ, ಶಾಫ್ಟು, ಪಂಪಿನ ಭಾಗಗಳೆಲ್ಲ ಹಾಗೆಯೇ ಉಳಿಯುತ್ತವೆ.

ಒಂದು ಅಪವಾದ ಹೇಳಲೇಬೇಕು. ಒಳಮೈಯಲ್ಲಿ ಗುಳಿಗುಳಿಯಾಗಿ ಸವೆದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಕುದಿಸುತ್ತಲೇ ಇರುವುದು ಬೇಡ. ಹುಳಿ ಆ ಲೋಹವನ್ನು ಕರಗಿಸುತ್ತದೆ. ಅದು ಗುಜರಿಗೆ ಹೋಗಲಿ.

ಎರಡನೆಯ ಹೆಜ್ಜೆ: ಅಯಸ್ಕಾಂತ, ಅರ, ಅಂಗೈ

ಲೋಹ ಗುರುತಿಸಲು ಪ್ರಯೋಗಾಲಯ ಬೇಕಿಲ್ಲ. ಹಳೆಯ ಸ್ಪೀಕರಿನಿಂದ ತೆಗೆದ ಒಂದು ಅಯಸ್ಕಾಂತ, ಒಂದು ಅರ, ತೂಕ ಅಂದಾಜು ಮಾಡುವ ಕೈ ಇಷ್ಟಿದ್ದರೆ ಮನೆಯ ಮುಕ್ಕಾಲು ಪಾಲು ವಸ್ತುಗಳನ್ನು ವಿಂಗಡಿಸಬಹುದು.

ಅಯಸ್ಕಾಂತ ಗಟ್ಟಿಯಾಗಿ ಅಂಟಿದರೆ ಕಬ್ಬಿಣ ಅಥವಾ ಉಕ್ಕು: ಸರಳು, ಮೊಳೆ, ಎಣ್ಣೆ ಡಬ್ಬ, ಕಬ್ಬಿಣದ ಕಪಾಟು, ದೋಸೆ ಕಾವಲಿ. ಇವುಗಳಲ್ಲಿ ಬೀಡು ಕಬ್ಬಿಣವನ್ನು, ಅಂದರೆ ಹಳೆಯ ಕಾವಲಿ, ಪಂಪಿನ ಹೊರಕವಚ, ಚರಂಡಿ ಮುಚ್ಚಳದಂಥವನ್ನು ಪ್ರತ್ಯೇಕ ಇಡಿ. ಅದು ಬಾಗುವುದಿಲ್ಲ, ಪೆಟ್ಟು ಬಿದ್ದರೆ ಒಡೆಯುತ್ತದೆ, ಒಡೆದ ಜಾಗ ಬೂದುಬಣ್ಣದ ಹರಳಿನಂತೆ ಕಾಣುತ್ತದೆ. ಎರಕದ ಕಾರ್ಖಾನೆಗಳಿಗೆ ಅದು ಬೇರೆಯಾಗಿಯೇ ಬೇಕು.

ಅಯಸ್ಕಾಂತ ಅಂಟದಿದ್ದರೆ ಬಣ್ಣ ಮತ್ತು ತೂಕ ನೋಡಿ. ಬಿಳಿಯಾಗಿದ್ದು ಹಗುರವಾಗಿದ್ದರೆ ಅಲ್ಯೂಮಿನಿಯಂ. ಕೆಂಪಾಗಿದ್ದು ಭಾರವಿದ್ದರೆ ತಾಮ್ರ. ಹಳದಿಯಾಗಿದ್ದು ಭಾರವಿದ್ದರೆ ಹಿತ್ತಾಳೆ. ಬಚ್ಚಲುಮನೆಯ ಹೊಳೆಯುವ ನಲ್ಲಿಗಳು ಇಲ್ಲಿ ಮೋಸ ಮಾಡುತ್ತವೆ. ಹೊರಗೆ ಕ್ರೋಮಿಯಂ ಲೇಪ ಇರುವುದರಿಂದ ಎಲ್ಲವೂ ಒಂದೇ ರೀತಿ ಮಿನುಗುತ್ತವೆ. ಮರೆಯಲ್ಲಿ ಒಂದು ಕಡೆ ಅರದಿಂದ ಗೀರಿ: ಒಳಗೆ ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಸತುವಿನ ಎರಕ. ಬೆಲೆಯಲ್ಲಿ ಇವೆರಡರ ನಡುವೆ ತುಂಬ ಅಂತರವಿದೆ.

ಸ್ಟೀಲ್ ಪಾತ್ರೆಗಳ ವಿಷಯದಲ್ಲಿ ಅಯಸ್ಕಾಂತವೂ ಪೂರ್ಣ ಉತ್ತರ ಕೊಡುವುದಿಲ್ಲ. ನಿಕ್ಕಲ್ ಹೆಚ್ಚಿರುವ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಕ್ಕಲ್ ಇಲ್ಲದೆ ಬರೀ ಕ್ರೋಮಿಯಂ ಇರುವುದಕ್ಕೆ ಅಂಟುತ್ತದೆ. ಅಂಟದ ಪಾತ್ರೆಯಲ್ಲಿ ನಿಕ್ಕಲಿನ ಬದಲು ಮ್ಯಾಂಗನೀಸ್ ಬೆರೆಸಿ ಅಗ್ಗವಾಗಿ ಮಾಡಿದ ಬಗೆಯೂ ಇದೆ. ಹಾಗಾಗಿ ಮನೆಯಲ್ಲಿ ನಾವು ಮಾಡಬೇಕಾದ್ದು ಇಷ್ಟೇ: ತುಕ್ಕು ಹಿಡಿಯದ ಸ್ಟೀಲನ್ನೆಲ್ಲ ಮಾಮೂಲಿ ಕಬ್ಬಿಣದಿಂದ ಬೇರೆ ಚೀಲಕ್ಕೆ ಹಾಕುವುದು. ಅದರೊಳಗಿನ ಕ್ರೋಮಿಯಂ, ನಿಕ್ಕಲ್‌ಗಳು ಬೆಲೆಬಾಳುವವು. ಮಾಮೂಲಿ ಕಬ್ಬಿಣದ ಜೊತೆ ಕರಗಿದರೆ ಅವು ಯಾರಿಗೂ ಉಪಯೋಗವಾಗದೆ ಕಳೆದುಹೋಗುತ್ತವೆ.

ಅಗ್ಗದ ಫ್ಯಾನು, ಮೋಟಾರುಗಳ ತಂತಿ ನೋಡಲು ತಾಮ್ರದಂತಿದ್ದರೂ ಒಳಗೆ ಅಲ್ಯೂಮಿನಿಯಂ ಇರಬಹುದು. ತಂತಿಯ ತುದಿ ಕತ್ತರಿಸಿ ನೋಡಿದರೆ ತಿಳಿಯುತ್ತದೆ, ತಾಮ್ರವಾದರೆ ನಡುವೆಯೂ ಕೆಂಪಗಿರುತ್ತದೆ.

ಮೂರನೆಯ ಹೆಜ್ಜೆ: ಬಿಚ್ಚಿ, ಬೇರೆ ಮಾಡಿ, ಖಾಲಿ ಮಾಡಿ

ಇಡೀ ಲೇಖನದಲ್ಲಿ ನೀವು ಒಂದನ್ನೇ ಪಾಲಿಸುವುದಾದರೆ ಈ ಹೆಜ್ಜೆಯನ್ನು ಪಾಲಿಸಿ ಎಂದು ಕೇಳಿಕೊಳ್ಳುತ್ತೇನೆ.

ಕರಗಿದ ಉಕ್ಕಿನೊಳಗೆ ತಾಮ್ರ ಸೇರಿಬಿಟ್ಟರೆ ಅದನ್ನು ಹೊರತೆಗೆಯಲು ಸಾಮಾನ್ಯ ಕಾರ್ಖಾನೆಯಲ್ಲಿ ಯಾವ ದಾರಿಯೂ ಇಲ್ಲ. ಉಕ್ಕನ್ನು ಕೆಂಪಗೆ ಕಾಯಿಸಿ ಉರುಳೆಗಳ ನಡುವೆ ಒತ್ತುವಾಗ ಆ ತಾಮ್ರ ಮೇಲ್ಮೈಯ ಅಡಿಯಲ್ಲಿ ಒಟ್ಟಾಗಿ, ಕರಗಿ, ಉಕ್ಕಿನ ಕಣಗಳ ಸಂದಿಗೆ ನುಗ್ಗುತ್ತದೆ. ಉಕ್ಕು ಬಿರುಕು ಬಿಡುತ್ತದೆ. ಇಂಥ ಉಕ್ಕನ್ನು ಸುಧಾರಿಸಲು ಉಳಿದಿರುವ ಉಪಾಯ ಒಂದೇ, ಅದಿರಿನಿಂದ ತಯಾರಿಸಿದ ಹೊಸ ಕಬ್ಬಿಣವನ್ನು ಸುರಿದು ತಾಮ್ರದ ಪ್ರಮಾಣವನ್ನು ತಗ್ಗಿಸುವುದು. ಅಂದರೆ ಮೋಟಾರಿನ ಸುರುಳಿಯನ್ನು ಬಿಚ್ಚದೆ ಕಬ್ಬಿಣದ ಜೊತೆ ಕಳುಹಿಸಿದರೆ ನಾವು ಉಳಿಸಿದೆವೆಂದುಕೊಂಡ ಅದಿರು ಮತ್ತೆ ಗಣಿಯಿಂದ ಬರಬೇಕು. ನಮ್ಮ ದೇಶದಲ್ಲಿ ಗುಜರಿಯ ದೊಡ್ಡ ಭಾಗ ಹೋಗುವುದು ವಿದ್ಯುತ್ತಿನಿಂದ ಲೋಹ ಕರಗಿಸುವ ಇಂಡಕ್ಷನ್ ಕುಲುಮೆಗಳಿಗೆ. ಬೆಳಗಾವಿಯ ಅನೇಕ ಎರಕದ ಕಾರ್ಖಾನೆಗಳಲ್ಲೂ ಇವೇ ಇರುವುದು. ಈ ಕುಲುಮೆ ಕರಗಿಸುತ್ತದೆಯೇ ಹೊರತು ಹೆಚ್ಚಾಗಿ ಶುದ್ಧಿ ಮಾಡುವುದಿಲ್ಲ, ಒಳಗೆ ಏನು ಹೋಯಿತೋ ಬಹುತೇಕ ಅದೇ ಹೊರಗೆ ಬರುತ್ತದೆ. ಆದ್ದರಿಂದ ಬೇರೆಲ್ಲಿಗಿಂತ ಇಲ್ಲಿ ವಿಂಗಡಣೆಯ ಮಹತ್ವ ಹೆಚ್ಚು.

ಅಲ್ಯೂಮಿನಿಯಂಗೆ ಇದೇ ಬಗೆಯ ಶತ್ರು ಕಬ್ಬಿಣ. ಪಾತ್ರೆಯ ಹಿಡಿಯಲ್ಲಿ ಉಳಿದ ಸ್ಕ್ರೂ, ಕಿಟಕಿ ಚೌಕಟ್ಟಿನ ಬೋಲ್ಟು ಕರಗಿ ಸೇರಿದರೆ ಲೋಹ ಪೆಡಸಾಗುತ್ತದೆ. ಕುಕ್ಕರ್ ಕೊಡುವ ಮುನ್ನ ಹಿಡಿ, ಸ್ಕ್ರೂ, ಗ್ಯಾಸ್ಕೆಟ್ ತೆಗೆಯಿರಿ. ಸೀಲಿಂಗ್ ಫ್ಯಾನ್ ಬಿಚ್ಚಿದರೆ ಮೂರು ರಾಶಿ ಸಿಗುತ್ತದೆ: ರೆಕ್ಕೆ ಮತ್ತು ಮುಚ್ಚಳದ ಅಲ್ಯೂಮಿನಿಯಂ, ಸುರುಳಿಯ ತಾಮ್ರ, ನಡುವಿನ ಉಕ್ಕಿನ ಹಾಳೆಗಳು. ರೆಕ್ಕೆಗಳು ಉಕ್ಕಿನವೂ ಇರುವುದುಂಟು, ಅಯಸ್ಕಾಂತ ಹಿಡಿದು ನೋಡಿ. ಸುರುಳಿ ಬಿಚ್ಚುವುದು ಕಷ್ಟವೆನಿಸಿದರೆ ಮೋಟಾರನ್ನು ಹಾಗೆಯೇ ಪ್ರತ್ಯೇಕವಾಗಿ ಕೊಟ್ಟು, ಒಳಗೆ ತಾಮ್ರವಿದೆ ಎಂದು ಹೇಳಿ. ಗುಜರಿಯವರಿಗೆ ಅದನ್ನು ತೆಗೆಯುವುದು ಗೊತ್ತು.

ಜಿಐ ಬಕೆಟ್ಟು, ಜಿಐ ಪೈಪುಗಳ ಸತುವಿನ ಲೇಪದ ಬಗ್ಗೆ ಚಿಂತೆ ಬೇಡ. ಉಕ್ಕು ಕರಗುವುದಕ್ಕೆ ಬಹಳ ಮುಂಚೆಯೇ ಸತು ಆವಿಯಾಗುತ್ತದೆ. ಅವನ್ನು ಕಬ್ಬಿಣದ ಜೊತೆಗೇ ಹಾಕಬಹುದು.

ವಿದ್ಯುತ್ ವೈರನ್ನು ಯಾವ ಕಾರಣಕ್ಕೂ ಸುಡಬೇಡಿ, ಸುಡುವವರಿಗೆ ಕೊಡಲೂ ಬೇಡಿ. ಹೊರಗಿನ ಪಿವಿಸಿಯಲ್ಲಿ ಕ್ಲೋರಿನ್ ಇದೆ. ಬಯಲಿನಲ್ಲಿ ಸುಟ್ಟಾಗ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟುತ್ತವೆ, ಒಳಗಿನ ತಾಮ್ರವೇ ಅವು ಹುಟ್ಟಲು ನೆರವಾಗುತ್ತದೆ. ಆ ಹೊಗೆ ಕುಡಿಯುವವರು ಸಾಮಾನ್ಯವಾಗಿ ಊರಾಚೆ ಬಯಲಿನ ಪಕ್ಕ ಗುಡಿಸಲು ಹಾಕಿಕೊಂಡ ಕುಟುಂಬಗಳ ಮಕ್ಕಳು. ದಪ್ಪ ವೈರಾದರೆ ಉದ್ದಕ್ಕೆ ಸೀಳಿ ಸಿಪ್ಪೆ ತೆಗೆಯಬಹುದು. ತೆಳು ವೈರಾದರೆ ಸಿಪ್ಪೆ ಸಮೇತ ಕೊಡಿ, ಯಂತ್ರದಲ್ಲಿ ಕತ್ತರಿಸಿ ಬೇರ್ಪಡಿಸುವವರಿದ್ದಾರೆ.

ಖಾಲಿ ಮಾಡುವುದು ಜೀವದ ಪ್ರಶ್ನೆ. ನೀರು ತುಂಬಿದ ಡಬ್ಬಿ, ಎರಡೂ ತುದಿ ಮುಚ್ಚಿದ ಪೈಪು, ಸ್ಕೂಟರಿನ ಶಾಕ್ ಅಬ್ಸಾರ್ಬರ್ ಕರಗಿದ ಲೋಹದೊಳಗೆ ಬಿದ್ದರೆ ಒಳಗಿನ ದ್ರವ ಒಮ್ಮೆಗೇ ಆವಿಯಾಗಿ ಸ್ಫೋಟಿಸುತ್ತದೆ. ಕುಲುಮೆಯ ಮುಂದೆ ನಿಂತವರ ಮೇಲೆ ಲೋಹ ಎರಚುತ್ತದೆ. ಎಣ್ಣೆ ಡಬ್ಬವನ್ನು ಬೋರಲು ಹಾಕಿ ಬಸಿಯಿರಿ, ಮುಚ್ಚಳ ತೆರೆದಿಡಿ, ಪೈಪಿನ ತುದಿಯ ಬಿರಡೆ ತೆಗೆಯಿರಿ. ಸೊಳ್ಳೆ ಸ್ಪ್ರೇ, ಸೆಂಟಿನ ಡಬ್ಬಿಗಳನ್ನು ಮಾತ್ರ ಮನೆಯಲ್ಲಿ ತೂತು ಮಾಡಲು ಹೋಗಬೇಡಿ. ಪೂರ್ತಿ ಮುಗಿಯುವವರೆಗೆ ಬಳಸಿ, ಬೇರೆಯಾಗಿ ಇಟ್ಟು, ಇಂಥದ್ದು ಇದೆ ಎಂದು ಹೇಳಿ ಕೊಡಿ. ಬ್ಲೇಡು, ಸೂಜಿ, ಚೂಪಾದ ತಗಡನ್ನು ದಪ್ಪ ರಟ್ಟಿನಲ್ಲಿ ಸುತ್ತಿ, ಮೇಲೆ ಬರೆಯಿರಿ.

ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ತೊಳೆದು, ಒಣಗಿಸಿ, ಒಂದರ ಮೇಲೊಂದು ಸೇರಿಸಿ ಉಂಡೆ ಮಾಡುತ್ತಾ ಹೋಗಿ. ತೆಳು ಹಾಳೆ ಬಿಡಿಯಾಗಿ ಕುಲುಮೆಗೆ ಬಿದ್ದರೆ ಉರಿದು ಬೂದಿಯಾಗುವುದೇ ಹೆಚ್ಚು, ಒತ್ತಿದ ಉಂಡೆಯಾದರೆ ಲೋಹವಾಗಿ ಉಳಿಯುತ್ತದೆ. ಚಿಪ್ಸ್ ಪೊಟ್ಟಣದ ಬೆಳ್ಳಿ ಮಿಂಚು ಲೋಹದ ಲೆಕ್ಕಕ್ಕೆ ಬರುವುದಿಲ್ಲ. ಮಾತ್ರೆ ಪಟ್ಟಿಯೂ ಅಷ್ಟೇ, ಅದು ಪ್ಲಾಸ್ಟಿಕ್ಕಿಗೆ ಅಂಟಿದ ಹಾಳೆ.

ನಾಲ್ಕನೆಯ ಹೆಜ್ಜೆ: ಗುಜರಿ ಚೀಲಕ್ಕೆ ಬೀಳಬಾರದವು

ಕೆಲವು ವಸ್ತುಗಳಲ್ಲಿ ಲೋಹವಿದೆ ಎಂಬುದು ನಿಜ. ಆದರೆ ತಪ್ಪು ಕೈಗೆ ಹೋದರೆ ಅವು ಮಾಡುವ ಹಾನಿ ಲೋಹದ ಲಾಭವನ್ನು ನುಂಗಿಹಾಕುತ್ತದೆ.

ಎಸಿಯನ್ನೇ ನೋಡಿ. ಮನೆಯ ಸ್ಪ್ಲಿಟ್ ಎಸಿಯೊಂದರಲ್ಲಿ ಒಂದು ಕಿಲೋ ಆಸುಪಾಸಿನಷ್ಟು ತಂಪುಕಾರಕ ಅನಿಲ ಇರುತ್ತದೆ. ಅದು ಆರ್-410ಎ ಆಗಿದ್ದರೆ, ಒಂದು ಕಿಲೋ ಗಾಳಿಗೆ ಸೇರಿದಾಗ ಭೂಮಿಯನ್ನು ಬಿಸಿ ಮಾಡುವ ಶಕ್ತಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಹಳೆಯ ಆರ್-22 ಆದರೂ ಹೆಚ್ಚು ಕಡಿಮೆ ಅಷ್ಟೇ. ಒಂದು ಟನ್ ಉಕ್ಕು ಮರುಬಳಸಿದರೆ ತಪ್ಪುವುದು 1.5 ಟನ್ ಎಂದು ಮೇಲೆ ಹೇಳಿದೆನಲ್ಲ? ಕೆಲವೇ ಕಿಲೋ ತಾಮ್ರಕ್ಕಾಗಿ ಎಸಿಯ ಕೊಳವೆಯನ್ನು ಕತ್ತರಿಸಿ ಅನಿಲ ಹೊರಬಿಟ್ಟರೆ, ಆ ಇಡೀ ಟನ್ನಿನ ಪುಣ್ಯ ಅರೆಗಳಿಗೆಯಲ್ಲಿ ಅಳಿಸಿಹೋಗುತ್ತದೆ. ಎಸಿ ತೆಗೆಸುವಾಗ ಮೆಕ್ಯಾನಿಕ್‌ಗೆ ಪಂಪ್ ಡೌನ್ ಮಾಡಲು ಹೇಳಿ, ಆಗ ಅನಿಲ ಹೊರಗಿನ ಪೆಟ್ಟಿಗೆಯಲ್ಲೇ ಬಂಧಿಯಾಗಿರುತ್ತದೆ. ಆಮೇಲೆ ಎಸಿಯನ್ನಾಗಲಿ ಫ್ರಿಜ್ಜನ್ನಾಗಲಿ ಒಡೆಯದೆ ಇಡಿಯಾಗಿ ಅಧಿಕೃತ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸಿ. ಈಗಿನ ಅನೇಕ ಫ್ರಿಜ್ಜುಗಳಲ್ಲಿರುವುದು ಐಸೋಬ್ಯೂಟೇನ್. ಅದರಿಂದ ಭೂಮಿ ಬಿಸಿಯಾಗುವುದು ತೀರ ಕಡಿಮೆ, ಆದರೆ ಅದು ಹೊತ್ತಿಕೊಳ್ಳುವ ಅನಿಲ.

ಇನ್ವರ್ಟರ್ ಮತ್ತು ವಾಹನದ ಸೀಸದ ಬ್ಯಾಟರಿ: ಇದನ್ನು ಹೊಸ ಬ್ಯಾಟರಿ ಕೊಳ್ಳುವ ಅಂಗಡಿಗೇ ಹಿಂದಿರುಗಿಸಿ, ಬೆಲೆಯಲ್ಲಿ ಕಡಿತ ಸಿಗುತ್ತದೆ. ಹಳೆಯ ಬ್ಯಾಟರಿ ಹಿಂಪಡೆಯುವ ಹೊಣೆಯನ್ನು 2001ರಿಂದಲೇ ಕಾನೂನು ಹೊರಿಸಿದೆ, 2022ರ ಹೊಸ ನಿಯಮಗಳು ಅದನ್ನು ಎಲ್ಲ ಬಗೆಯ ಬ್ಯಾಟರಿಗಳಿಗೂ ವಿಸ್ತರಿಸಿವೆ. ಬೀದಿಬದಿಯಲ್ಲಿ ಒಡೆದರೆ ಆಮ್ಲ ಚರಂಡಿಗೆ, ಸೀಸದ ಧೂಳು ಮಣ್ಣಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಇಷ್ಟು ಪ್ರಮಾಣದವರೆಗೆ ಸುರಕ್ಷಿತ ಎಂಬ ಗೆರೆ ಅದಕ್ಕಿಲ್ಲ.

ಮೊಬೈಲ್, ಲ್ಯಾಪ್‌ಟಾಪ್, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. ತುದಿಗಳಿಗೆ ಟೇಪು ಸುತ್ತಿ, ಉಬ್ಬಿದ್ದರೆ ಮುಟ್ಟುವುದನ್ನೂ ಕಡಿಮೆ ಮಾಡಿ, ಇ-ತ್ಯಾಜ್ಯ ಪೆಟ್ಟಿಗೆಗೆ ಹಾಕಿ. ಜಗತ್ತಿನಲ್ಲಿ 2022ರಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು, ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಯಾದದ್ದು ಶೇಕಡಾ 22ರಷ್ಟು ಮಾತ್ರ. ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಇಂದು ಚಿನ್ನದ ಗಣಿಗಳ ಅದಿರಿನಲ್ಲಿ ಟನ್ನಿಗೆ ಸಾಮಾನ್ಯವಾಗಿ ಕೆಲವೇ ಗ್ರಾಂ ಚಿನ್ನವಿದ್ದರೆ, ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಕೆಲವು ನೂರು ಗ್ರಾಂ ಇರುತ್ತದೆ. ಅದನ್ನು ಸುರಕ್ಷಿತವಾಗಿ ತೆಗೆಯುವ ಕಾರ್ಖಾನೆಗಳಿವೆ, ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ ದೇಶದ ಮೊದಲ ಸಾಲಿನ ಅಧಿಕೃತ ಇ-ತ್ಯಾಜ್ಯ ಘಟಕ ಎರಡು ದಶಕದ ಹಿಂದೆಯೇ ಆರಂಭವಾಯಿತು. ಅದೇ ಫೋನು ಗಲ್ಲಿಯೊಂದರ ಶೆಡ್ಡಿಗೆ ಹೋದರೆ ತೆರೆದ ಆಮ್ಲದ ತೊಟ್ಟಿಗೆ ಬೀಳುತ್ತದೆ, ಅಲ್ಲಿ ಕೈಯದ್ದಿ ದುಡಿಯುವವರಿಗೆ ಗವಸೂ ಇರುವುದಿಲ್ಲ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ಅಧಿಕೃತ ಸಂಸ್ಥೆಗಳ ಪಟ್ಟಿ ಸಿಗುತ್ತದೆ. ಕೊಡುವ ಮುನ್ನ ಫೋನಿನ ಮಾಹಿತಿ ಅಳಿಸಿ, ಸಿಮ್ ತೆಗೆಯಿರಿ.

ಟ್ಯೂಬ್‌ಲೈಟ್, ಸಿಎಫ್‌ಎಲ್, ಹಳೆಯ ಪಾದರಸದ ಥರ್ಮಾಮೀಟರ್ ಒಡೆಯದಂತೆ ಸುತ್ತಿ ಪ್ರತ್ಯೇಕವಾಗಿಡಿ. ಅಡುಗೆ ಅನಿಲದ ಸಿಲಿಂಡರ್ ತೈಲ ಕಂಪನಿಯ ಸೊತ್ತು, ಅದನ್ನು ಗುಜರಿಗೆ ಮಾರುವಂತಿಲ್ಲ.

ಐದನೆಯ ಹೆಜ್ಜೆ: ಕೊಡುವುದು ಯಾರಿಗೆ, ಹೇಗೆ

ಬೆಲೆಯಲ್ಲಿ ತಾಮ್ರ ಎಲ್ಲಕ್ಕಿಂತ ಮೇಲೆ, ನಂತರ ಹಿತ್ತಾಳೆ, ಅದರ ಕೆಳಗೆ ಅಲ್ಯೂಮಿನಿಯಂ, ತಳದಲ್ಲಿ ಕಬ್ಬಿಣ. ದರ ವಾರವಾರಕ್ಕೆ ಬದಲಾಗುವುದರಿಂದ ಎರಡು ಅಂಗಡಿಗಳಲ್ಲಿ ವಿಚಾರಿಸಿ. ಬೆರೆಸಿ ಕೊಟ್ಟರೆ ಇಡೀ ಚೀಲಕ್ಕೆ ಕಬ್ಬಿಣದ ದರವೇ ಸಿಗುವುದು ಸಹಜ, ವಿಂಗಡಿಸಿ ಕೊಟ್ಟರೆ ಪ್ರತಿಯೊಂದಕ್ಕೂ ಅದರದೇ ದರ ಕೇಳಬಹುದು. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಇದೆಯೇ ನೋಡಿ. ಎಲೆಕ್ಟ್ರಾನಿಕ್ ತಕ್ಕಡಿಯಾದರೆ ವಸ್ತು ಇಡುವ ಮೊದಲು ಸೊನ್ನೆ ತೋರಿಸುತ್ತಿದೆಯೇ ಗಮನಿಸಿ.

ಇಷ್ಟು ಎಚ್ಚರ ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಗುಜರಿಯವರೊಂದಿಗೆ ಹತ್ತು ರೂಪಾಯಿಗೆ ಜಗ್ಗಾಡುವ ನಾವು ಅವರು ಮಾಡುತ್ತಿರುವ ಕೆಲಸ ಏನೆಂದು ಯೋಚಿಸುವುದು ಕಡಿಮೆ. ನಮ್ಮ ದೇಶದಲ್ಲಿ ಲೋಹ ಇಷ್ಟರಮಟ್ಟಿಗೆ ಮರುಬಳಕೆಯಾಗುತ್ತಿದ್ದರೆ ಅದಕ್ಕೆ ಕಾರಣ ಸೈಕಲ್ಲು, ತಳ್ಳುಗಾಡಿಗಳಲ್ಲಿ ಬಿಸಿಲಲ್ಲಿ ಸುತ್ತುವ ಇವರು, ರಾಶಿಯ ನಡುವೆ ಕುಳಿತು ಆಯುವ ಹೆಣ್ಣುಮಕ್ಕಳು. ಇವರ ಕೈಯಿಂದ ಬಡಾವಣೆಯ ಗುಜರಿ ಅಂಗಡಿಗೆ, ಅಲ್ಲಿಂದ ಬೆಂಗಳೂರಿನ ಜಾಲಿ ಮೊಹಲ್ಲಾದಂಥ ಸಗಟು ಪೇಟೆಗೆ, ಅಲ್ಲಿಂದ ಕುಲುಮೆಗೆ ಸರಕು ಸಾಗುತ್ತದೆ. ಬೆಂಗಳೂರಿನಲ್ಲಿ ತ್ಯಾಜ್ಯ ಆಯುವವರಿಗೆ ಪಾಲಿಕೆಯಿಂದ ಗುರುತಿನ ಚೀಟಿ ಸಿಕ್ಕಿತು, ಹಸಿರು ದಳದಂಥ ಸಂಘಟನೆಗಳು ಅವರ ಜೊತೆ ನಿಂತಿವೆ, ಒಣಕಸ ಸಂಗ್ರಹ ಕೇಂದ್ರಗಳನ್ನು ಅನೇಕ ಕಡೆ ಅವರೇ ನಡೆಸುತ್ತಾರೆ. ನಿಮ್ಮ ಬಡಾವಣೆಯ ಒಣಕಸ ಕೇಂದ್ರ ಎಲ್ಲಿದೆ ಎಂದು ತಿಳಿದುಕೊಳ್ಳಿ. ಕಡಿಮೆ ತೂಕದ ತಗಡು, ಡಬ್ಬಿಗಳನ್ನು ಅಲ್ಲಿಗೆ ಕೊಡುವುದು ಸುಲಭ. ತೊಳೆದು, ಒಣಗಿಸಿ, ಚೂಪಾದದ್ದನ್ನು ಸುತ್ತಿ ಕೊಟ್ಟರೆ ಅವರ ಕೈ ಉಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಸಂಘದ ಮೂಲಕ ಮೂರು ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿದರೆ ಇ-ತ್ಯಾಜ್ಯ ಸಂಸ್ಥೆಗಳು ವಾಹನ ಕಳುಹಿಸುತ್ತವೆ. ಒಂದೊಂದು ಮನೆಗಾಗಿ ಬರುವುದು ಅವರಿಗೆ ಗಿಟ್ಟುವುದಿಲ್ಲ. ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಕಸ ವಿಲೇವಾರಿ ಘಟಕವನ್ನು ವಿಚಾರಿಸಿ, ಹಲವು ಕಡೆ ಸ್ವಸಹಾಯ ಸಂಘದ ಮಹಿಳೆಯರು ಅದನ್ನು ಚೊಕ್ಕವಾಗಿ ನಡೆಸುತ್ತಿದ್ದಾರೆ.

ಆರನೆಯ ಹೆಜ್ಜೆ: ಹಳೆಯ ವಾಹನ

ಕುಟುಂಬವೊಂದರ ಬಳಿ ಇರುವ ಲೋಹದ ಅತಿ ದೊಡ್ಡ ಮುದ್ದೆ ಸಾಮಾನ್ಯವಾಗಿ ವಾಹನವೇ. ಕಾರಿನ ತೂಕದ ಹೆಚ್ಚಿನ ಪಾಲು ಉಕ್ಕು. ಅದರ ಜೊತೆಗೆ ಅಲ್ಯೂಮಿನಿಯಂ, ತಾಮ್ರ, ಸೀಸ, ಹೊಗೆ ಶುದ್ಧಿ ಮಾಡುವ ಭಾಗದಲ್ಲಿ ಚೂರು ಪ್ಲಾಟಿನಂ, ಪಲ್ಲಾಡಿಯಂ ಕೂಡ ಇರುತ್ತವೆ. ಮನೆ ಮುಂದೆ ತುಕ್ಕು ಹಿಡಿಯುತ್ತಾ ನಿಂತಿದ್ದನ್ನು ಬಿಡಿಭಾಗದ ಅಂಗಡಿಗೆ ಬಾಯಿಮಾತಿನಲ್ಲಿ ಮಾರಿಬಿಡುವುದು ಎರಡು ಬಗೆಯಲ್ಲಿ ಅಪಾಯ. ಎಂಜಿನ್ ಆಯಿಲ್, ಬ್ರೇಕ್ ದ್ರವ, ಎಸಿ ಅನಿಲ ನೆಲಕ್ಕೂ ಗಾಳಿಗೂ ಹೋಗುತ್ತವೆ. ನೋಂದಣಿ ನಿಮ್ಮ ಹೆಸರಿನಲ್ಲೇ ಉಳಿಯುವುದರಿಂದ ಆ ಸಂಖ್ಯೆಯನ್ನು ಯಾರಾದರೂ ದುರ್ಬಳಕೆ ಮಾಡಿದರೆ ಪೊಲೀಸರು ಬರುವುದು ನಿಮ್ಮ ಬಾಗಿಲಿಗೆ.

2021ರಲ್ಲಿ ಕೇಂದ್ರ ಸರ್ಕಾರ ವಾಹನ ಗುಜರಿ ಕೇಂದ್ರಗಳ ನೋಂದಣಿಗೆ ನಿಯಮ ತಂದಿತು. ನೋಂದಾಯಿತ ಕೇಂದ್ರಕ್ಕೆ ಆರ್‌ಸಿ ಸಮೇತ ವಾಹನ ಒಪ್ಪಿಸಿದರೆ ಅವರು ಅದಕ್ಕೆ ಪುರಾವೆಯಾಗಿ ಠೇವಣಿ ಪ್ರಮಾಣಪತ್ರ ಕೊಡುತ್ತಾರೆ. ಹೊಸ ವಾಹನ ಕೊಳ್ಳುವಾಗ ಅದನ್ನು ತೋರಿಸಿದರೆ ಸ್ವಂತ ಬಳಕೆಯ ವಾಹನಕ್ಕೆ ಮೋಟಾರು ತೆರಿಗೆಯಲ್ಲಿ ಶೇಕಡಾ 25ರವರೆಗೆ, ಬಾಡಿಗೆ ವಾಹನಕ್ಕೆ ಶೇಕಡಾ 15ರವರೆಗೆ ರಿಯಾಯಿತಿ ಕೊಡಲು ನಿಯಮದಲ್ಲಿ ಅವಕಾಶವಿದೆ. ನಿಮ್ಮ ವಾಹನಕ್ಕೆ ಎಷ್ಟು ಅನ್ವಯಿಸುತ್ತದೆ ಎಂಬುದನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಒಪ್ಪಿಸುವ ಮುನ್ನ ಬಾಕಿ ದಂಡ, ಬ್ಯಾಂಕ್ ಸಾಲದ ನಮೂದು ತೀರಿಸಿರಬೇಕು. ಎಲ್ಲ ಮುಗಿದ ಮೇಲೆ ಕೇಂದ್ರದಿಂದ ವಾಹನ ನಾಶಪಡಿಸಿದ ಪ್ರಮಾಣಪತ್ರವನ್ನೂ ಕೇಳಿ ಪಡೆಯಿರಿ, ನೋಂದಣಿ ರದ್ದಾಗಿರುವುದನ್ನು ವಾಹನ್ ಜಾಲತಾಣದಲ್ಲಿ ಖಚಿತಪಡಿಸಿಕೊಳ್ಳಿ, ವಿಮೆಯ ಅವಧಿ ಉಳಿದಿದ್ದರೆ ವಿಮಾ ಕಂಪನಿಗೆ ಬರೆದು ತಿಳಿಸಿ.